ಬರೀ ನೋಡುವ ಕೆಲಸ

ನಡುಗುತ್ತಿರುವುದು ಬಿಸಿಲು, ಗಾಡಿಯಲ್ಲ, ಬಿಸಿಲು ಮಾತ್ರ — ಹಳಿಗಳೆರಡೂ ತಿರುಗಿ ಮಣ್ಣಿನ ದಿಬ್ಬದ ಹಿಂದೆ ಮರೆಯಾಗುವ ಆ ಜಾಗದಲ್ಲಿ, ಸಿಗ್ನಲ್ ಕಂಬದ ಬುಡದಲ್ಲಿ, ಏನೋ ಬೆಳ್ಳಗೆ ಅಲ್ಲಾಡಿದಂತಾಗಿ ಅವಳ ಕೈ ತಾನಾಗಿಯೇ ಸೀಟಿಯನ್ನು ತುಟಿಗೆ ತಂದುಬಿಟ್ಟಿತ್ತು, ಇನ್ನೇನು ಊದಿಯೇಬಿಡುತ್ತಿದ್ದಳು, ಕಣ್ಣು ಕಿರಿದು ಮಾಡಿ ನೋಡಿದರೆ ಏನೂ ಇಲ್ಲ, ಕಾದ ಕಬ್ಬಿಣದ ಮೇಲೆ ಗಾಳಿ ಕುಣಿಯುತ್ತಿದೆ ಅಷ್ಟೆ, ಸದ್ಯ, ಊದಲಿಲ್ಲ, ಊದಿದ್ದರೆ ಅಷ್ಟೂ ಜನ ಎತ್ತಿದ ಜಾಕಿ ಇಳಿಸಿ, ಪಿಕಾಸಿ ಹಾರೆ ಹೊತ್ತುಕೊಂಡು ಪಕ್ಕಕ್ಕೆ ಓಡಿ, ಗಾಡಿ ಎಲ್ಲಿ ಎಂದು ಬಾಯಿ ಬಾಯಿ ನೋಡಿಕೊಂಡು, ಅಕ್ಕ ಮೊದಲನೇ ದಿನವೇ ಬಿಸಿಲಿಗೆ ಸಲಾಮು ಹೊಡೆಸಿದಳು ಎಂದು ರೇಡಿಯೋ ಸಂಜೆಯವರೆಗೂ ಬಿತ್ತರಿಸುತ್ತಿದ್ದ. ರೇಡಿಯೋ ಎಂದರೆ ಹಳಿ ರಿಪೇರಿ ಗ್ಯಾಂಗಿನ ದಪ್ಪನೆಯ ಆಳು, ಆರಿಸುವುದಕ್ಕೆ ಗುಂಡಿಯೇ ಇಲ್ಲದವನು. ನೋಡು, ನೋಡುತ್ತಲೇ ಇರು, ಯೋಚನೆ ಮಾಡಬೇಡ. ಮೇಸ್ತ್ರಿ ಬೆಳಿಗ್ಗೆ ಹೇಳಿದ್ದು ಅದೊಂದೇ ಮಾತು, ನಿನಗೆ ಇವತ್ತು ಕಾವಲು ಕಣಮ್ಮಾ, ಮಣಿಕಟ್ಟು ಊದಿದೆ, ಪಿಕಾಸಿ ಹಿಡಿಯೋಕಾಗಲ್ಲ, ಹಗುರ ಕೆಲಸ ತಗೋ, ಬರೀ ನೋಡೋದು, ನೋಡು, ಗಾಡಿ ಕಂಡ್ರೆ ಊದು, ಎಲ್ರೂ ಕೈ ಎತ್ತೋವರೆಗೂ ಊದ್ತಾನೇ ಇರು, ಅಷ್ಟೇ. ಬರೀ ನೋಡೋದು! ಅವಳ ನಾಲಿಗೆ ತುದಿಯಲ್ಲಿ ಬೇಡ ಎಂಬ ಮಾತು ಬಂದು ನಿಂತಿತ್ತು, ಹಳಿ ಹೊರುತ್ತೇನೆ, ಜಲ್ಲಿ ಹೊರುತ್ತೇನೆ, ಮುರಿದ ಕೈಯಲ್ಲೇ ಹೊರುತ್ತೇನೆ, ಇದೊಂದು ಬೇಡ, ಆದರೆ ಬೇಡ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಏನು ಹೇಳುವುದು, ಅದಕ್ಕೇ ತಲೆ ಆಡಿಸಿ ಸೀಟಿಯ ದಾರವನ್ನು ಕೊರಳಿಗೆ ಹಾಕಿಕೊಂಡು ಬಂದು ನಿಂತಿದ್ದಳು.

ಅಂಗೈಯಲ್ಲಿ ಕಲ್ಲಿದೆ. ಇದೆ, ಇಲ್ಲೇ ಇದೆ, ಎಡಗೈಯ ಬೆರಳುಗಳೊಳಗೆ ಒಂದು ಜಲ್ಲಿಕಲ್ಲು, ಅದರ ಮೂಲೆ ಚರ್ಮಕ್ಕೆ ಒತ್ತುತ್ತಿದೆ, ಒತ್ತಲಿ, ಒತ್ತಲಿ ಎಂದೇ ಹಿಡಿದದ್ದು. ಅದು ಬಂದಾಗ ಮೊದಲು ಸಡಿಲವಾಗುವುದು ಕೈ, ಇಷ್ಟು ದಿನದಲ್ಲಿ ಅವಳು ಅದನ್ನು ಕಂಡುಕೊಂಡಿದ್ದಳು, ಸೌಟು ಬಿದ್ದದ್ದು, ಬಾಚಣಿಗೆ ಬಿದ್ದದ್ದು, ಮಗಳ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಗುಂಡಿ ಬಿದ್ದು ಮಂಚದ ಕೆಳಗೆ ಉರುಳಿದ್ದು, ಹಾಗಾದರೆ ಕಲ್ಲು ಕೈಯಲ್ಲಿರುವವರೆಗೂ ತಾನು ಇಲ್ಲಿದ್ದೇನೆ, ಕಲ್ಲು ಬಿದ್ದರೆ ತಾನು ಹೋಗಿದ್ದೆ ಎಂದು ಅರ್ಥ, ಇದಕ್ಕಿಂತ ದೊಡ್ಡ ಉಪಾಯ ಅವಳಿಗೆ ಹೊಳೆದಿರಲಿಲ್ಲ. ಎಲ್ಲಿಗೆ ಹೋಗುವುದು? ಎಲ್ಲಿಗೂ ಇಲ್ಲ. ನಿಂತಲ್ಲೇ ನಿಂತಿರುತ್ತಾಳೆ, ಕಣ್ಣು ತೆರೆದೇ ಇರುತ್ತದೆ, ಬೀಳುವುದಿಲ್ಲ, ನೊರೆ ಬರುವುದಿಲ್ಲ, ಕೂಗುವುದಿಲ್ಲ, ನೋಡಿದವರು ಏನೋ ಯೋಚನೆಯಲ್ಲಿದ್ದಾಳೆ ಎಂದುಕೊಳ್ಳುತ್ತಾರೆ, ಒಳಗೆ ಮಾತ್ರ ಯಾರೂ ಇರುವುದಿಲ್ಲ. ನೋಡು. ತಿರುವು, ದಿಬ್ಬ, ಕಂಬ. ಕಂಬದ ಮೇಲೆ ಕಾಗೆ. ಬೆನ್ನ ಹಿಂದಿನ ಕಡೆ ನೋಡಬೇಕಾದ್ದೇ ಇಲ್ಲ, ಆ ಕಡೆ ನಿಲ್ದಾಣದವರೆಗೂ ಹಳಿ ನೆಟ್ಟಗಿದೆ, ಕೂತು ಕೆಲಸ ಮಾಡುವವನಿಗೂ ಗಾಡಿ ಕಾಣುತ್ತದೆ, ಈ ಕಡೆಯದೇ ಕಷ್ಟ, ಇಲ್ಲಿ ಗಾಡಿ ದಿಬ್ಬದ ಹಿಂದಿನಿಂದ ಹೇಳದೆ ಕೇಳದೆ ಬರುತ್ತದೆ, ಬಂದಮೇಲೆ ಗ್ಯಾಂಗಿನವರ ಹತ್ತಿರ ಉಳಿಯುವುದು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಅದಕ್ಕೇ ಕಾವಲು. ಅದಕ್ಕೇ ಸೀಟಿ.

ಅಲ್ಲಿ ಅವರು ಬಗ್ಗಿದ್ದಾರೆ. ಯಾವುದೋ ಗಾಡಿಯ ಚಾಲಕ ಈ ಜಾಗದಲ್ಲಿ ಗಾಡಿ ಎಗರುತ್ತದೆ ಎಂದು ದೂರು ಕೊಟ್ಟಿದ್ದನಂತೆ, ಮೇಸ್ತ್ರಿ ಬಂದವನೇ ಕೆನ್ನೆಯನ್ನು ಹಳಿಗೆ ತಾಗಿಸಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ, ಇಲ್ಲೇ, ಇಲ್ಲೇ ಕುಸಿದಿದೆ ನೋಡ್ರಪ್ಪಾ, ಹಳಿಗೆ ಹಳಿ ಸೇರುವ ಸಂದಿನಲ್ಲಿ, ಬೆರಳಗಲ ಕೂಡ ಇಲ್ಲ, ಆದರೆ ಅಷ್ಟು ಭಾರದ ಗಾಡಿಗೆ ಅಷ್ಟು ಸಾಕು, ಇವತ್ತು ಎಗರಿದ್ದು ನಾಳೆ ಹಳಿ ಬಿಟ್ಟು ಇಳಿಯುತ್ತದೆ. ಜಾಕಿ ಇಟ್ಟು ಹಳಿ ಎತ್ತಿದರು, ರಸಮಟ್ಟ ಇಟ್ಟು ನೋಡಿದರು, ಇನ್ನೊಂದು ಚೂರು, ಸಾಕು ಸಾಕು, ಈಗ ಹಳಿ ಹೊತ್ತ ಸಿಮೆಂಟಿನ ಅಡ್ಡಪಟ್ಟಿ, ಸ್ಲೀಪರುಗಳ ಕೆಳಗೆ ಜಲ್ಲಿ ತುರುಕುತ್ತಿದ್ದಾರೆ, ಪಿಕಾಸಿಯ ಮೊಂಡು ತುದಿಯಿಂದ ಒಬ್ಬ ಈ ಕಡೆಯಿಂದ, ಒಬ್ಬ ಆ ಕಡೆಯಿಂದ, ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವವರೆಗೂ, ಟಕ್ಕು ಟಕ್ಕು ಟಕ್ಕು, ಆ ಕಡೆ ರೇಡಿಯೋ, ಈ ಕಡೆ ತಮ್ಮ. ಕಿತ್ತಳೆ ಬಣ್ಣದ ಕೈಯಿಲ್ಲದ ಅಂಗಿ ಎಲ್ಲರದ್ದೂ ಒಂದೇ, ಆದರೂ ತಮ್ಮನ ಬೆನ್ನು ಸಾವಿರ ಬೆನ್ನಿನಲ್ಲಿ ಗೊತ್ತಾಗುತ್ತದೆ ಅವಳಿಗೆ, ಸೊಂಟದ ಮೇಲೆ ಹೊತ್ತು ಬೆಳೆಸಿದ ಬೆನ್ನು, ಮತ್ತೆ ಅವನೊಬ್ಬನೇ ಮೂರು ಏಟಿಗೊಮ್ಮೆ ತಲೆ ಎತ್ತುವುದು. ಏಟು, ಏಟು, ಏಟು, ಆಮೇಲೆ ಕತ್ತು ಉದ್ದ ಮಾಡಿ ತಿರುವಿನ ಕಡೆಗೊಂದು ನೋಟ, ಅವಳ ಕಡೆಗೊಂದು ನೋಟ, ಮತ್ತೆ ಬಗ್ಗುವುದು. ಅದಕ್ಕೇ ಅವನ ಹೆಸರು ಕೊಕ್ಕರೆ. ಕಾವಲು ಇರೋವಾಗ ನಿಂಗ್ಯಾಕೋ ತಲೆನೋವು ಎಂದು ಎಲ್ಲರೂ ರೇಗಿಸುತ್ತಾರೆ, ಇವನು ಹೆಂಡ್ತಿ ಕೊಟ್ಟ ಊಟಾನೂ ಮೂಸಿ ನೋಡಿ ತಿನ್ನೋನು ಅಂತ ರೇಡಿಯೋ, ಕೊಕ್ಕರೆ ನಗುತ್ತಾನೆ, ನನ್ನ ಜೀವ ನನ್ನ ಕಣ್ಣಲ್ಲೇ ಇರ್ಲಿ ಬಿಡ್ರಪ್ಪಾ. ಹಿಂದಿನ ಕಾವಲಿನ ತಾತ, ಕಣ್ಣಿನ ಆಪರೇಷನ್ ಎಂದು ರಜೆ ಹಾಕಿರುವ ತಾತ, ಇದೇ ಮಾತಿಗೆ ಮುನಿಸಿಕೊಂಡು ಅವನ ಹತ್ತಿರ ವರ್ಷಗಟ್ಟಲೆ ಸರಿಯಾಗಿ ಮಾತಾಡಿರಲಿಲ್ಲ. ಇವತ್ತು ಅವಳಿಗೆ ಆ ಕತ್ತು ಏಳುವುದನ್ನು ನೋಡಿದರೆ ಕಣ್ಣು ತುಂಬಿಬರುತ್ತದೆ. ಎತ್ತು, ನನ್ನಪ್ಪಾ, ಎತ್ತುತ್ತಿರು, ಅಕ್ಕ ಕಾಯುತ್ತಿದ್ದಾಳೆ ಎಂದು ನಂಬಬೇಡ.

ಮೊದಲ ಸಲ ಹಾಲು. ಮೊದಲ ಸಲ ಎಂದು ಅವಳಿಗೆ ಗೊತ್ತಾದದ್ದು, ಅದಕ್ಕೂ ಮುಂಚೆ ಎಷ್ಟು ಸಲವೋ, ಯಾರು ಕಂಡರು. ಹಾಲಿಟ್ಟು ಅದರ ಮುಂದೆಯೇ ನಿಂತಿದ್ದಳು, ಉಕ್ಕಿದರೆ ಆರಿಸೋಣ ಎಂದು, ಕೆನೆ ಅಂಚಿನಲ್ಲಿ ಸುಕ್ಕುಗಟ್ಟುತ್ತಿದ್ದದ್ದು ನೆನಪಿದೆ, ಅದರ ಮುಂದಿನದೇ ಒಲೆಯೆಲ್ಲ ಹಾಲು, ಕಟ್ಟೆಯಿಂದ ನೆಲಕ್ಕೆ ಇಳಿದ ಹಾಲು, ಪಾದಕ್ಕೆ ಬಿಸಿ ತಾಗುತ್ತಿದೆ, ಸುಟ್ಟ ವಾಸನೆ, ಉರಿ ಆರಿಹೋಗಿ ಗ್ಯಾಸು ಸುಸ್ಸೆನ್ನುತ್ತಿದೆ, ಮಗಳು ಅವಳ ಸೆರಗು ಜಗ್ಗುತ್ತಿದ್ದಾಳೆ, ಅಮ್ಮಾ, ಅಮ್ಮಾ, ಅಮ್ಮಾ ಎಲ್ಲಿಗ್ ಹೋಗಿದ್ದೆ? ಇಲ್ಲೇ ಇದ್ನಲ್ಲೇ. ಇಲ್ಲ, ನೀನ್ ಇರ್ಲಿಲ್ಲ. ಮಕ್ಕಳ ಬಾಯಲ್ಲಿ ಅಂಥ ಮಾತು ಬರಬಾರದು. ಏನೋ ಯೋಚ್ನೆ ಮಾಡ್ತಿದ್ದೆ ಪುಟ್ಟಾ, ಎಂದು ನಗಿಸಲು ಕೆನ್ನೆ ಹಿಂಡಿದಳು, ಮಗಳು ನಗಲಿಲ್ಲ, ಆವತ್ತಿನಿಂದ ಅವಳು ಒಲೆಯ ಮುಂದೆ ನಿಂತರೆ ಮಗಳು ಬಾಗಿಲಿನ ಚೌಕಟ್ಟಿಗೆ ಆನಿಕೊಂಡು ನಿಲ್ಲುತ್ತಾಳೆ, ಪುಸ್ತಕ ಕೈಯಲ್ಲಿ, ಕಣ್ಣು ಅಮ್ಮನ ಮೇಲೆ. ಮನೆಯಲ್ಲಿ ಅವಳಿಗೇ ಒಬ್ಬರು ಕಾವಲು. ನೋಡು, ಹಾಲಿನ ಕಡೆ ಹೋಗಬೇಡ, ತಿರುವಿನ ಕಡೆ ನೋಡು. ಕಲ್ಲು ಇದೆ. ಕಾಗೆ ಇದೆ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದೆ, ಅದೊಂದು ಕೆಟ್ಟದ್ದು, ಸದ್ದನ್ನು ಆ ಕಡೆಗೇ ತಳ್ಳಿಕೊಂಡು ಹೋಗುತ್ತದೆ, ಕಿವಿಯನ್ನು ನಂಬುವ ಹಾಗಿಲ್ಲ, ಕಣ್ಣನ್ನೇ ನಂಬಬೇಕು, ಕಣ್ಣನ್ನು!

ಡಾಕ್ಟರ ಹತ್ತಿರ ತಲೆನೋವು ಎಂದು ಹೋಗಿದ್ದಳು, ಯಾರಿಗೂ ಹೇಳದೆ, ಪರಿಚಯದವರು ಸಿಕ್ಕದ ಬಡಾವಣೆಯ ಡಾಕ್ಟರು, ವಯಸ್ಸಾದ ಹೆಂಗಸು, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮೊಣಕಾಲಿಗೆ ತಟ್ಟಿ ನೋಡಿ, ಸುಮ್ಮನೆ ಮಾತಾಡಿಸುವಂತೆ ಕೇಳಿದರು, ನಡುನಡುವೆ ಮೈಮರೆತ ಹಾಗೆ ಆಗುತ್ತಾ? ಅದು ತಲೆನೋವಿನ ಪ್ರಶ್ನೆಯಲ್ಲ ಎಂದು ಅವಳಿಗೆ ಗೊತ್ತಾಯಿತು, ಆಗುತ್ತೆ, ಯಾವಾಗಾದ್ರೂ ಒಂದೊಂದ್ಸಲ. ಇದೂ ಒಂದು ಥರದ ಮೂರ್ಛೆನೇ ಕಣಮ್ಮಾ, ಹೆದ್ರಬೇಡ, ಮಾತ್ರೆ ಇದೆ, ಹಿಡಿತಕ್ಕೆ ಬರುತ್ತೆ, ಆದ್ರೆ ಕೆಲಸ ಏನು ಮಾಡ್ತೀಯಾ, ಬೆಂಕಿ ಹತ್ರ, ಎತ್ತರದ ಮೇಲೆ, ಗಾಡಿ ಯಂತ್ರ ಅಂಥದ್ರ ಹತ್ರ ಏನಾದ್ರೂ? ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು, ಹೊಲಿಗೆ. ಹೊಲಿಗೆನಾ, ಸರಿ ಹಾಗಾದ್ರೆ, ಹೆಚ್ಚಂದ್ರೆ ಸೂಜಿ ಚುಚ್ಕೊಳ್ತೀಯಾ, ಡಾಕ್ಟರು ನಕ್ಕರು, ಅವಳೂ ನಕ್ಕಳು, ತನ್ನ ಕೈಯ ಗಟ್ಟಿ ಚರ್ಮವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ನಕ್ಕಳು. ಮಾತ್ರೆ ನುಂಗಿದರೆ ಹಗಲೆಲ್ಲ ತೂಕಡಿಕೆ, ತೂಕಡಿಸುವವಳನ್ನು ಯಾರು ಹಳಿಯ ಮೇಲೆ ಬಿಡುತ್ತಾರೆ, ಅದಕ್ಕೇ ಅರ್ಧ ಮುರಿದು ನುಂಗುತ್ತಾಳೆ, ಕೆಲವು ದಿನ ಅದೂ ಇಲ್ಲ. ಹೇಳಿದರೆ? ಹೇಳಿದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ಚೀಟಿ ಬರುತ್ತದೆ, ಹಳಿಗೆ ಇಳಿಯುವ ಹಾಗಿಲ್ಲ, ಮೂಲೆಯಲ್ಲಿ ಯಾವುದೋ ಆಫೀಸಿನ ನೆಲ ಒರೆಸು, ಇಲ್ಲವೇ ಮನೆಗೆ ಹೋಗು. ಭರ್ತಿ ಪರೀಕ್ಷೆಯಲ್ಲಿ ಮರಳಿನ ಮೂಟೆ ಹೊತ್ತು ಗಂಡಸರ ಜೊತೆ ಓಡಿ ಈ ಕೆಲಸ ಗೆದ್ದವಳು ಅವಳು, ಗಂಡ ಬೇಡ ಎಂದರೂ, ನಾದಿನಿಯರು ನಕ್ಕರೂ, ಆಮೇಲೆ ತಮ್ಮನಿಗೂ ಅರ್ಜಿ ಹಾಕಿಸಿ, ಪಿಕಾಸಿ ಹಿಡಿಯುವುದು ಹೇಗೆ, ಸೊಂಟ ಉಳಿಸಿಕೊಳ್ಳುವುದು ಹೇಗೆ, ಜಲ್ಲಿಯ ಮೇಲೆ ಕಾಲು ಹೊರಳದ ಹಾಗೆ ನಡೆಯುವುದು ಹೇಗೆ ಎಲ್ಲ ಕಲಿಸಿದವಳು. ಗ್ಯಾಂಗಿನಲ್ಲಿ ಮೊದಲು ಅವನೊಬ್ಬನಿಗೆ ಅಕ್ಕನಾಗಿದ್ದವಳು ಈಗ ಎಲ್ಲರಿಗೂ ಅಕ್ಕ, ಮೇಸ್ತ್ರಿ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಅಕ್ಕ ಎನ್ನುತ್ತಾನೆ. ಅದನ್ನು ಬಿಟ್ಟು ನೆಲ ಒರೆಸಬೇಕು. ಆ ಹೆಂಗಸಿಗೆ ತಲೆ ಸರಿಯಿಲ್ಲವಂತೆ, ಎನ್ನುತ್ತಾರೆ ಜನ.

ಈ ಮಣಿಕಟ್ಟು ಕೂಡ ಅದರದ್ದೇ ಕೆಲಸ, ಯಾರಿಗೂ ಗೊತ್ತಿಲ್ಲ. ಹಳಿ ತುಂಡನ್ನು ಇಕ್ಕಳದಲ್ಲಿ ಕಚ್ಚಿಸಿ ಎಲ್ಲರೂ ಸಾಲಾಗಿ ಹೊತ್ತು ತಂದಿದ್ದರು, ಇಳಿಸುವಾಗ ಮೇಸ್ತ್ರಿ ಬಿಡೂ ಎಂದು ಕೂಗುತ್ತಾನೆ, ಕೂಗಿದ ಕೂಡಲೇ ಎಲ್ಲರೂ ಒಂದೇ ಸಲ ಕೈ ಬಿಟ್ಟು ಹಿಂದಕ್ಕೆ ಹಾರಬೇಕು, ಒಬ್ಬರು ಬಿಟ್ಟು ಒಬ್ಬರು ಹಿಡಿದರೆ ಹಿಡಿದವರ ಕೈ ಹೋಯಿತು, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪಾಠ. ಆವತ್ತು ಬಿಡೂ ಎಂದದ್ದು ಅವಳಿಗೆ ಕೇಳಲೇ ಇಲ್ಲ. ಕೇಳಲಿಲ್ಲ ಎನ್ನುವುದೂ ತಪ್ಪು, ಕೇಳುವುದಕ್ಕೆ ಅವಳು ಅಲ್ಲಿರಲಿಲ್ಲ, ಆವತ್ತು ಬೆರಳು ಸಡಿಲವಾದರೂ ಇಕ್ಕಳದ ಹಿಡಿಯಲ್ಲಿ ಅಂಗೈ ಸಿಕ್ಕಿಕೊಂಡಿತ್ತು, ಕೈ ತಿರುಚಿದ ನೋವಿಗೇ ವಾಪಸು ಬಂದದ್ದು. ಜಾರಿತು, ಎಂದಳು. ಜಾರುತ್ತೆ ಬಿಡು, ಎಂದ ಮೇಸ್ತ್ರಿ, ಕನಿಕರದಿಂದಲೇ, ಆ ಕನಿಕರ ಈಗ ಇಲ್ಲಿ ತಂದು ನಿಲ್ಲಿಸಿದೆ, ಸೀಟಿ ಕೊಟ್ಟು, ಎಲ್ಲರ ಜೀವವನ್ನೂ ಕೊರಳಿಗೆ ಕಟ್ಟಿ. ಯಾರಾದರೂ ಮಾತಾಡಿಸಿದರೆ ಆಗುತ್ತಿತ್ತು, ಮಾತಾಡುವಾಗ ಅದು ಬರುವುದು ಕಡಿಮೆ, ಸುಮ್ಮನಿದ್ದಾಗ, ಒಂದೇ ಕಡೆ ದಿಟ್ಟಿಸಿದಾಗಲೇ ಬರುವುದು, ಆದರೆ ಕಾವಲಿಗೆ ನಿಂತವರನ್ನು ಮಾತಾಡಿಸಬಾರದು, ಗ್ಯಾಂಗಿನ ಹಳೆಯ ಕಟ್ಟಳೆ, ಮಾತಾಡಿಸಿದವನು ಎಲ್ಲರಿಗೂ ಚಹಾ ಕುಡಿಸಬೇಕು, ನೀರಿನ ಬಾಟಲಿ ಕೂಡ ಅಷ್ಟು ದೂರದಲ್ಲಿ ಇಟ್ಟು ಕಳ್ಳರ ಹಾಗೆ ಹಿಂದೆ ಸರಿಯುತ್ತಾರೆ. ರೇಡಿಯೋ, ಮಾರಾಯಾ, ಬಾರೋ, ಬಂದು ತಲೆ ತಿನ್ನೋ, ಚಹಾ ನಾನೇ ಕುಡಿಸುತ್ತೇನೆ. ಟಕ್ಕು ಟಕ್ಕು ಟಕ್ಕು, ತಮ್ಮನ ಕತ್ತು ಎದ್ದಿತು, ತಿರುವು ನೋಡಿತು, ಅವಳನ್ನು ನೋಡಿತು, ಬಗ್ಗಿತು. ಹಳಿ ಹೊಳೆಯುತ್ತಿದೆ, ಎರಡು ಗೆರೆ, ನೋಡ್ತಾ ನೋಡ್ತಾ ಎರಡೂ ಒಂದಾಗುವ ಕಡೆಗೆ ಹೋಗಿ, ದಿಬ್ಬದ ಹತ್ತಿರ ಬೆಳಕಿನ ಒಂದು ಚುಕ್ಕೆ, ಆ ಚುಕ್ಕೆಯಲ್ಲಿ ಏನೋ ಕೆನೆಗಟ್ಟಿದ ಹಾಗೆ, ಅಂಚಿನಲ್ಲಿ ಸುಕ್ಕು —

ಕಾಗೆ ಇಲ್ಲ.

ಕಂಬದ ಮೇಲೆ ಕಾಗೆ ಇತ್ತು. ಹಾರಿದ್ದು ನೋಡಲಿಲ್ಲವಲ್ಲ. ಹಾರಿರಬಹುದು, ಕಾಗೆಗೇನು, ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತದೆ. ಕೈ — ಕೈಯಲ್ಲಿ ಏನೂ ಇಲ್ಲ. ಬೆರಳು ಸಡಿಲವಾಗಿ ತೊಡೆಯ ಪಕ್ಕ ಜೋತುಬಿದ್ದಿವೆ, ಕಲ್ಲಿನ ಮೂಲೆಯ ಕೆಂಪು ಗುರುತು ಅಂಗೈಯಲ್ಲಿದೆ, ಕಲ್ಲು ಇಲ್ಲ, ಬಗ್ಗಿ ನೋಡಿದರೆ ಕಾಲ ಬುಡದಲ್ಲಿ ಕಲ್ಲು, ಕಲ್ಲು, ಕಲ್ಲು, ಎಲ್ಲ ಒಂದೇ ಥರದ ಜಲ್ಲಿ, ಯಾವುದು ತನ್ನದು ಎಂದು ಹೇಗೆ ಹೇಳುವುದು. ಎಷ್ಟು ಹೊತ್ತು? ಎಷ್ಟು ಹೊತ್ತು ಹೋಗಿದ್ದೆ? ಅವರ ಕಡೆ ನೋಡಿದಳು — ನೋಡಬಾರದು, ತಿರುವನ್ನೇ ನೋಡಬೇಕು, ಆದರೂ ನೋಡಿದಳು — ಬಗ್ಗಿದ್ದಾರೆ, ಎಲ್ಲರೂ ಇದ್ದಾರೆ, ತಮ್ಮ ಇದ್ದಾನೆ, ಆದರೆ ತಮ್ಮ ಪಕ್ಕದ ಸ್ಲೀಪರಿಗೆ ಸರಿದಿದ್ದಾನೆ, ರೇಡಿಯೋ ಬೆವರೊರೆಸುವ ಬಟ್ಟೆ ತಲೆಗೆ ಸುತ್ತಿಕೊಂಡಿದ್ದಾನೆ, ಯಾವಾಗ ಸುತ್ತಿಕೊಂಡ, ಒಂದು ಸ್ಲೀಪರಿನ ಕೆಳಗೆ ಜಲ್ಲಿ ತುಂಬಲು ಹಿಡಿಯುವಷ್ಟು ಹೊತ್ತು! ಇಲ್ಲ, ಅಷ್ಟು ಹೊತ್ತು ಇರಲಾರದು, ಮುಗಿಯುತ್ತ ಬಂದಿದ್ದ ಸ್ಲೀಪರು ಇರಬೇಕು, ಕೊನೆಯ ನಾಲ್ಕು ಏಟು ಹಾಕಿ ಸರಿದಿರಬೇಕು, ಹಾಗೇ ಇರಲಿ. ಕಂಬದ ದೀಪ? ಹಸಿರು. ಮುಂಚೆ ಏನಿತ್ತು? ಮುಂಚೆ, ಮುಂಚೆ, ನೆನಪಿಲ್ಲ, ಕಾಗೆ ನೆನಪಿದೆ, ದೀಪ ನೆನಪಿಲ್ಲ, ಏನು ಕಾವಲುಗಾರ್ತಿಯಪ್ಪಾ ನೀನು, ಕಾಗೆ ನೋಡಿಕೊಂಡು ನಿಂತವಳು. ಹಸಿರು ಎಂದರೆ ಏನಾದರೂ ಬರುತ್ತದೆಯೇ? ಬಂದುಬಿಟ್ಟಿದೆಯೇ? ಬಂದಿದ್ದರೆ ಇವರು ಇರುತ್ತಿರಲಿಲ್ಲ. ಹಾಗಾದರೆ ಬರುತ್ತಿದೆ. ದಿಬ್ಬದ ಹಿಂದೆ, ಈಗ, ಈ ಕ್ಷಣ. ಅಥವಾ ಏನೂ ಇಲ್ಲ. ತಿರುವು ಖಾಲಿ. ಗಾಳಿ ಬೆನ್ನಿಗೆ ತಳ್ಳುತ್ತಿದೆ, ಕಿವಿಗೆ ಏನೂ ಬೀಳುತ್ತಿಲ್ಲ. ಕಾಣದೆ ಊದಬಾರದು, ಸುಳ್ಳು ಸೀಟಿ ಊದಿದರೆ ಮುಂದಿನ ಸೀಟಿಗೆ ಯಾರೂ ಬೆಲೆ ಕೊಡುವುದಿಲ್ಲ, ತಾತ ಹೇಳುತ್ತಿದ್ದದ್ದು ಅದನ್ನೇ, ಸೀಟಿ ಅಂದ್ರೆ ಬಾಯಿಮಾತಲ್ಲಮ್ಮಾ, ಊದಿದ್ರೆ ಗಾಡಿ ಇರ್ಬೇಕು. ಗಾಡಿ ಇಲ್ಲ. ಆದರೆ ನಾನೂ ಇಲ್ಲ ತಾತಾ, ನಾನೂ ಇರಲಿಲ್ಲ, ಇದು ಇನ್ನು ನನ್ನಿಂದ ಆಗಲ್ಲ, ಊದಿ, ಅವರೆಲ್ಲ ಪಕ್ಕಕ್ಕೆ ನಿಂತಮೇಲೆ, ಹಳಿ ಖಾಲಿಯಾದಮೇಲೆ, ಹೋಗಿ ಮೇಸ್ತ್ರಿಯ ಕೈಗೆ ಸೀಟಿ ಕೊಟ್ಟು, ತಗೊಳ್ಳಿ, ನಾನು ನಿಲ್ಲೋಳಲ್ಲ ಎಂದು ಹೇಳಿಬಿಡುತ್ತೇನೆ, ನೆಲ ಒರೆಸುತ್ತೇನೆ, ಯಾರ ನೆಲ ಬೇಕಾದರೂ ಒರೆಸುತ್ತೇನೆ.

ಊದಿದಳು. ಉಸಿರೆಲ್ಲ ಒಂದೇ ಸಲ ಖರ್ಚು ಮಾಡಿ, ಮತ್ತೆ ಎಳೆದುಕೊಂಡು, ಮತ್ತೆ. ಅಲ್ಲಿ ಬೆನ್ನುಗಳೆಲ್ಲ ಒಟ್ಟಿಗೆ ಎದ್ದವು, ಜಾಕಿ ಬಿಡು, ಜಾಕಿ, ಮೊದ್ಲು ಜಾಕಿ, ಮೇಸ್ತ್ರಿಯ ಕೂಗು, ಜಾಕಿ ತಕ್ಷಣಕ್ಕೆ ಇಳಿಯಲಿಲ್ಲ, ಏನೋ ಕಚ್ಚಿಕೊಂಡಿತು, ತಮ್ಮ ಮಂಡಿಯೂರಿ ಅದರ ಹಿಡಿಯನ್ನು ಗುದ್ದಿದ, ರೇಡಿಯೋ ಒದ್ದ, ಇಳಿಯಿತು, ಇಬ್ಬರೂ ಸೇರಿ ಎಳೆದರು, ಪಿಕಾಸಿ ಹಾರೆ ರಸಮಟ್ಟ ಎಲ್ಲ ಪಕ್ಕಕ್ಕೆ, ಒಂದು ಕೈ ಎದ್ದಿತು, ಇನ್ನೊಂದು, ಎಲ್ಲರದ್ದೂ, ಕೊನೆಗೆ ತಮ್ಮನದ್ದು, ಆಗ ಅವಳು ಸೀಟಿ ಬಾಯಿಂದ ತೆಗೆದಳು. ಸದ್ದಿಲ್ಲ. ಎಲ್ಲರೂ ಕೈ ಎತ್ತಿಕೊಂಡೇ ತಿರುವು ನೋಡುತ್ತಿದ್ದಾರೆ. ತಿರುವು ಖಾಲಿ. ಕೈಗಳು ಒಂದೊಂದಾಗಿ ಇಳಿದವು. ಅಕ್ಕಾ, ಎಲ್ಲಿ ಗಾಡಿ, ಕಾಗೆಗೆ ಊದಿದ್ಯಾ? ರೇಡಿಯೋ ಅಲ್ಲಿಂದಲೇ ಕೂಗಿದ, ಯಾರೋ ನಕ್ಕರು, ಕಾಗೆ ಎಂದು ಅವನ ಬಾಯಲ್ಲಿ ಬಂದದ್ದೇ ಅವಳು ಖಾಲಿ ಕಂಬದ ಕಡೆ ನೋಡಿದಳು. ಮೇಸ್ತ್ರಿ ಹಳಿಯ ಪಕ್ಕದ ಕಾಲುದಾರಿಯಲ್ಲಿ ಅವಳ ಕಡೆಗೆ ಬರುತ್ತಿದ್ದಾನೆ, ಹುಬ್ಬು ಗಂಟು ಹಾಕಿಕೊಂಡು, ಏನಮ್ಮಾ, ಏನ್ ಕಾಣಿಸ್ತು? ಹೇಳು. ಈಗ ಹೇಳು. ಮೇಸ್ತ್ರಿಗಳೇ, ನನಗೆ ಒಂದು ಕಾಯಿಲೆ ಇದೆ. ಅಷ್ಟೇ ಮಾತು, ಬಾಯೊಳಗೆ ಜೋಡಿಸಿ ಇಟ್ಟುಕೊಂಡಿದ್ದಾಳೆ, ಮೇಸ್ತ್ರಿಗಳೇ, ಎಂದಳು, ಮುಂದಿನದು ಗಂಟಲಲ್ಲಿತ್ತು, ಅಷ್ಟರಲ್ಲಿ ಮೇಸ್ತ್ರಿಯ ನೋಟ ಅವಳನ್ನು ಬಿಟ್ಟು ಅವಳ ಹಿಂದಕ್ಕೆ ಹೋಯಿತು, ಬಾಯಿ ತೆರೆಯಿತು, ಅವಳು ತಿರುಗುವುದರೊಳಗೆ ಗಾಳಿ ಸೆರಗನ್ನು ಕಿತ್ತುಕೊಂಡಿತು — ಬರೀ ಎಂಜಿನ್ನು, ಬೋಗಿಯಿಲ್ಲದ ಒಂಟಿ ಎಂಜಿನ್ನು, ಎಲ್ಲಿಗೋ ಹೊರಟಿದ್ದು, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಕೊಂಡು ಬಂದು, ಬಂದದ್ದು ಕಾಣುವುದರೊಳಗೆ ಹೋಗಿಯೂ ಆಯಿತು, ಅವರು ಕೂತಿದ್ದ ಜಾಗದ ಮೇಲೆ ಟಡಕ್ಕೆಂದು ಹಾದು, ಆಮೇಲೆ ಹಾರನ್ನು ಹೊಡೆಯಿತು.

ಎಲ್ಲರೂ ಅದು ಹೋದ ಕಡೆಯೇ ನೋಡಿದರು. ರೇಡಿಯೋ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡ. ಮೇಸ್ತ್ರಿ ಒಮ್ಮೆ ಹಳಿ ನೋಡಿದ, ಒಮ್ಮೆ ಪಕ್ಕದಲ್ಲಿ ಬಿದ್ದ ಜಾಕಿ ನೋಡಿದ, ಜಾಕಿ ಕಚ್ಚಿಕೊಂಡಿತ್ತು, ಎಂದ, ತನಗೆ ತಾನೇ, ಗಾಡಿ ಕಂಡ್ಮೇಲೆ ಊದಿದ್ರೆ ಜಾಕಿ ಅಲ್ಲೇ ಇರ್ತಿತ್ತು, ಇವರಿಬ್ರೂ ಅಲ್ಲೇ ಇರ್ತಿದ್ರು. ಹಣೆ ಒರೆಸಿಕೊಂಡ. ಹೇಗಮ್ಮಾ ಗೊತ್ತಾಯ್ತು ನಿಂಗೆ, ಈ ಗಾಳೀಲಿ ನಂಗೇ ಕೇಳಿಸ್ಲಿಲ್ಲ. ಎಲ್ಲರೂ ಸುತ್ತ ಸೇರಿದ್ದಾರೆ, ಕಟ್ಟಳೆ ಮುರಿದು, ಬೆವರಿನ ವಾಸನೆ, ಕಬ್ಬಿಣದ ವಾಸನೆ. ನಾನು ಏನೂ ನೋಡಲಿಲ್ಲ, ಎಂದಳು. ನಿಜವಾಗಿ, ಬಿಡಿಸಿ ಹೇಳಿದಳು, ಮೇಸ್ತ್ರಿಗಳೇ, ನಾನ್ ಏನೂ ನೋಡ್ಲಿಲ್ಲ, ಏನೂ ಕೇಳ್ಲಿಲ್ಲ, ನಾನ್ ಇಲ್ಲಿರ್ಲೇ ಇಲ್ಲ, ಹೆದರ್ಕೊಂಡು ಊದ್ಬಿಟ್ಟೆ. ನೋಡ್ರೋ, ನೋಡದೇ ಕೇಳದೇ ಊದಿದ್ಲು, ಅದಕ್ಕೇ ಅನ್ನೋದು ಕಾವಲು ಅಂತ, ರೇಡಿಯೋಗೆ ದನಿ ವಾಪಸು ಬಂದಿತ್ತು, ನಂ ತಾತ ಕಣ್ಣಿಟ್ಕೊಂಡು ಮಾಡಿದ್ದನ್ನ ಅಕ್ಕ ಕಣ್ಣೇ ಇಲ್ದೆ ಮಾಡಿದ್ಲು, ಇವತ್ತಿನ ಚಹಾ ನಂದು, ಇಡೀ ವಾರದ ಚಹಾ ನಂದು. ಹಾಗಲ್ಲ ಕಣೋ, ನಾನ್ ಹೇಳೋದು ಕೇಳಿ, ನಂಗೆ ಇದಾಗಲ್ಲ, ಎಂದಳು. ಮೈ ನಡುಗ್ತಿದೆ ನಿಂಗೆ, ನಡುಗ್ಲಿ, ಮೊದಮೊದಲು ಎಲ್ರಿಗೂ ಹಂಗೇ, ಎಂದು ಮೇಸ್ತ್ರಿ ಅವಳ ಭುಜ ತಟ್ಟಿದ, ತಾತನ್ನ ಇನ್ನು ಕರ್ಸೋದಿಲ್ಲ, ನಾಳೆಯಿಂದ ಈ ಸೀಟಿ ನಿಂದೇ, ಮೇಲಿನವ್ರಿಗೆ ನಾನೇ ಹೇಳ್ತೀನಿ. ತಮ್ಮ ಎಲ್ಲರ ಹಿಂದೆ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು, ಜಾಕಿ ಗುದ್ದಿದ ಕೈಯ ಗೆಣ್ಣಿನಲ್ಲಿ ರಕ್ತ, ನಾನೂ ನೋಡಿದ್ದೆ ಅಕ್ಕಾ, ಎಂದ, ನೀನ್ ಊದೋ ಮುಂಚೆ ತಲೆ ಎತ್ತಿ ನೋಡಿದ್ದೆ, ಏನೂ ಇರ್ಲಿಲ್ಲ, ನನ್ ಕಣ್ಣು ನಂಬ್ಕೊಂಡಿದ್ರೆ ಇವತ್ತು ನನ್ ಕಥೆ ಮುಗೀತಿತ್ತು. ಆಮೇಲೆ ನಕ್ಕ, ಚಿಕ್ಕವನಿದ್ದಾಗ ಅವಳ ಸೊಂಟ ಹತ್ತಿ ಕೂತಮೇಲೆ ನಗುತ್ತಿದ್ದ ಹಾಗೆ.

ನಡೀರಪ್ಪಾ, ಇನ್ನೆರಡು ಸ್ಲೀಪರ್ ಇದೆ, ಬೇಗ ಮುಗಿಸೋಣ. ಹೋದರು. ಅವಳು ತಿರುವಿಗೆ ಮುಖ ಮಾಡಿ ನಿಂತಿದ್ದಾಳೆ, ಎಡಗೈಯಲ್ಲಿ ಹೊಸ ಕಲ್ಲು, ಮೊದಲಿನದಕ್ಕಿಂತ ಚೂಪು, ಚರ್ಮ ಹರಿಯುವಷ್ಟು ಒತ್ತಿ ಹಿಡಿದಿದ್ದಾಳೆ. ಹೇಳಿದೆನಲ್ಲ, ಬಾಯಿಬಿಟ್ಟು ಹೇಳಿದೆ, ಅವರು ಕೇಳಲಿಲ್ಲ, ಕಾಯಿಲೆ ಎಂಬ ಒಂದು ಮಾತು ಹೇಳಿದ್ದರೆ ಕೇಳುತ್ತಿದ್ದರೋ ಏನೋ, ಆ ಒಂದು ಮಾತು ಮಾತ್ರ ಬಾಯಿಂದ ಬೀಳಲಿಲ್ಲ, ಯಾಕೆ ಬೀಳಲಿಲ್ಲ, ಭುಜ ತಟ್ಟಿದ್ದಕ್ಕೇ, ಅಕ್ಕ ಎಂದದ್ದಕ್ಕೇ? ಈಗಲೂ ಹೋಗಿ ಹೇಳಬಹುದು. ಹೋಗಬೇಕೆಂದರೆ ತಿರುವಿಗೆ ಬೆನ್ನು ಮಾಡಬೇಕು, ಬೆನ್ನು ಮಾಡಿದರೆ ಯಾರು ನೋಡುವವರು, ಅವರು ಅಲ್ಲಿ ಬಗ್ಗಿದ್ದಾಗಿದೆ. ಊದಬಹುದು, ಮತ್ತೆ ಊದಿ ಎಬ್ಬಿಸಿ — ಊದಿದರೆ ಗಾಡಿಗೇ ಎಂದುಕೊಳ್ಳುತ್ತಾರೆ, ಈಗ ಅವಳು ಊದಿದ್ದೆಲ್ಲ ಗಾಡಿಯೇ. ಕೆಲಸ ನಿಲ್ಲಲಿ, ಚಹಾಕ್ಕೆ ಕೂತಾಗ ಹೇಳುತ್ತೇನೆ, ತಮ್ಮನಿಗೆ ಮೊದಲು ಹೇಳುತ್ತೇನೆ, ಅಲ್ಲಿಯವರೆಗೆ ಇರು, ಇಲ್ಲೇ ಇರು, ಎಲ್ಲಿಗೂ ಹೋಗಬೇಡ. ತಿರುವು, ದಿಬ್ಬ, ಕಂಬ, ದೀಪ ಕೆಂಪು, ನೆನಪಿಟ್ಟುಕೋ, ಕೆಂಪು. ಟಕ್ಕು ಟಕ್ಕು ಟಕ್ಕು. ಕಣ್ಣಂಚಿನಲ್ಲಿ ಕಿತ್ತಳೆ ಬೆನ್ನು, ಪಿಕಾಸಿ ಏಳುತ್ತದೆ, ಬೀಳುತ್ತದೆ, ಏಟು, ಏಟು, ಏಟು, ಈಗ ಎತ್ತುತ್ತಾನೆ. ಏಟು, ಏಟು. ತಪ್ಪಿರಬೇಕು ಲೆಕ್ಕ. ಏಟು, ಏಟು, ಏಟು, ಈಗ. ಎತ್ತೋ. ಒಂದು ಸಲ ಎತ್ತೋ ತಮ್ಮಾ, ತಿರುವು ನೋಡೋ, ನನ್ನನ್ನು ನೋಡೋ. ಅವನು ಇನ್ನೂ ಕೆಳಗೆ ಬಗ್ಗಿ, ಪೂರ್ತಿ ಬೆನ್ನು ಈ ಕಡೆ ಮಾಡಿ, ನೆಮ್ಮದಿಯಿಂದ ಕೆಲಸ ಮಾಡುತ್ತಿದ್ದಾನೆ, ಏಟು, ಏಟು, ಏಟು, ಕಿತ್ತಳೆ ಬೆನ್ನು, ಕತ್ತು ಏಳಲಿಲ್ಲ, ಏಟು, ಏಟು, ಕತ್ತು ಏಳಲಿಲ್ಲ.